ಸನ್ನತಿಗೆ ಕ್ಯಾಂಪರ್ ವ್ಯಾನಿನಲ್ಲಿ: ಮೊದಲು ಬಸ್ಸಿನ ದಾರಿ, ಆಮೇಲೆ ನಕ್ಷೆ

ಟೆಂಪೋ ಟ್ರಾವೆಲರನ್ನು ಅಡುಗೆ, ಮಲಗುವ ವ್ಯವಸ್ಥೆಗಳಿರುವ ಕ್ಯಾಂಪರ್ ವ್ಯಾನಾಗಿ ಮಾರ್ಪಡಿಸಿಕೊಂಡ ಮೇಲೆ ನಾವು ಮೊದಲು ಹೊರಟದ್ದು ಕಲಬುರಗಿಯಿಂದ ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಗೆ. ಶಹಾಬಾದ್, ವಾಡಿ, ನಾಲವಾರಗಳ ಮೇಲೆ ಹೋಗಬೇಕೆಂದುಕೊಂಡಿದ್ದರೂ, ಫೋನಿನ ನಕ್ಷೆ ಹೊಲಗಳ ನಡುವಿನ ಹತ್ತಿರದ ದಾರಿಯೊಂದನ್ನು ತೋರಿಸಿದಾಗ ನಾನು ಅದನ್ನೇ ನಂಬಿದೆ. ಸ್ವಲ್ಪ ದೂರದಲ್ಲೇ ಡಾಂಬರು ಮುಗಿದು ಬಂಡಿದಾರಿ ಆರಂಭವಾಯಿತು. ಹಿಂದಿನ ರಾತ್ರಿಯ ಮಳೆಗೆ ನೆನೆದಿದ್ದ ಎರೆಮಣ್ಣು ಚಕ್ರಗಳಿಗೆ ಮೆತ್ತಿಕೊಳ್ಳುತ್ತ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಂಡು, ಕೊನೆಗೆ ಚಕ್ರ ತಿರುಗುವುದೇ ನಿಂತಿತು. ತೊಗರಿ ಹೊಲದಲ್ಲಿದ್ದ ಹಿರಿಯರೊಬ್ಬರು ಮಣ್ಣು ಕೆರೆಯಲು ಖುರಪಿ ಕೊಟ್ಟು, “ಈ ಹಾದಿಗೆ ಬಸ್ಸೇ ಬರಂಗಿಲ್ರಿ, ನೀವ್ಯಾಕ ಬಂದ್ರಿ?” ಎಂದರು.

ಈಗ ನಾವು ಯಾವ ದಾರಿಗಾದರೂ ಮೊದಲು ಕೇಳುವ ಪ್ರಶ್ನೆ ಅದೇ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ನಿತ್ಯ ಓಡಾಡುವ ರಸ್ತೆಯ ಅಗಲವೂ ತಿರುವುಗಳೂ ಸಾಮಾನ್ಯವಾಗಿ ವ್ಯಾನಿಗೆ ಸಾಕಾಗುತ್ತವೆ. ಹೊರಡುವ ಮುನ್ನ ನಿಲ್ದಾಣದಲ್ಲಿ ವಿಚಾರಿಸಿ, ಬಸ್ಸು ಹಾಯುವ ಊರುಗಳನ್ನು ಸಾಲಾಗಿ ಬರೆದುಕೊಂಡು ನಕ್ಷೆಯಲ್ಲಿ ಗುರುತಿಸಿರಿ.

ನಕ್ಷೆಯೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆ. ಅದರಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಪಕ್ಕಾ ರಸ್ತೆಗೂ ಬಂಡಿದಾರಿಗೂ ಅಲ್ಲಿ ಬೇರೆ ಬೇರೆ ಗೆರೆಗಳಿವೆ, ಫೋನಿನಲ್ಲಿ ಎರಡೂ ಒಂದೇ ಬಗೆಯಲ್ಲಿ ಕಂಡು ನಾನು ಮೋಸಹೋಗಿದ್ದೆ. ಆದರೆ ಹಾಳೆ ಹಳೆಯದಾಗಿದ್ದರೆ ಹೊಸ ಬೈಪಾಸು ಅದರಲ್ಲಿರುವುದಿಲ್ಲ. ಆದ್ದರಿಂದ ಫೋನಿನ ನಕ್ಷೆಯನ್ನೂ ಆಫ್‌ಲೈನ್ ಇಳಿಸಿಕೊಂಡಿರಬೇಕು.

ಎರಡರಲ್ಲೂ ಸಿಗದಿದ್ದುದು ರೈಲ್ವೆ ಕೆಳಸೇತುವೆಗಳ ಎತ್ತರ. ವಾಡಿ ಜಂಕ್ಷನ್ನಿನಿಂದ ಸೊಲ್ಲಾಪುರ, ಹೈದರಾಬಾದ್, ರಾಯಚೂರು ಕಡೆಗೆ ಹಳಿಗಳು ಕವಲೊಡೆಯುವುದರಿಂದ ಈ ಭಾಗದಲ್ಲಿ ಅವುಗಳನ್ನು ದಾಟುವ ಪ್ರಸಂಗ ಬಂದೇ ಬರುತ್ತದೆ. ಮಾಡಿನ ಮೇಲಿನ ಸೋಲಾರ್ ಫಲಕವನ್ನೂ ಸೇರಿಸಿ ಅಳೆದಾಗ ನಮ್ಮ ವ್ಯಾನಿನ ಎತ್ತರ 2.9 ಮೀಟರ್ ಆಯಿತು. ಆ ಅಂಕಿಯನ್ನು ಸ್ಟೇರಿಂಗಿನ ಮುಂದೆಯೇ ಅಂಟಿಸಿದ್ದೇನೆ. ಮಳೆಗಾಲದಲ್ಲಿ ಕೆಳಗೆ ನಿಂತ ನೀರಿನ ಆಳವನ್ನು ಕೋಲಿನಿಂದ ನೋಡದೆ ಇಳಿಯಬಾರದು.

ಸನ್ನತಿಯಿಂದ ಬ್ಯಾರೇಜಿನ ಮೇಲೆ ಭೀಮಾ ದಾಟಿದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. 2020ರ ಅಕ್ಟೋಬರಿನಂತಹ ಪ್ರವಾಹವೇ ಬರಬೇಕೆಂದಿಲ್ಲ. ಮೇಲಿನಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದರೂ ಆ ದಾರಿ ಕೈಬಿಟ್ಟು ಬಂದ ರಸ್ತೆಯಲ್ಲೇ ನಾಲವಾರಕ್ಕೆ ಮರಳಿರಿ. ಸೇತುವೆಯ ಬಾಯಿಗೆ ಹೋಗಿ ಇಷ್ಟುದ್ದದ ವಾಹನವನ್ನು ಹಿಮ್ಮುಖವಾಗಿ ತಿರುಗಿಸುವುದಕ್ಕಿಂತ ಊರೊಳಗೆ, ಚಂದ್ರಲಾಂಬಾ ಗುಡಿಯ ಹತ್ತಿರವೇ ವಿಚಾರಿಸಿಕೊಳ್ಳುವುದು ಸುಲಭ.