ಹಿಮೋಗ್ಲೋಬಿನ್ ಸರಿ ಇದೆ ಅಂದ ಮಾತ್ರಕ್ಕೆ

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಂಕು, ಸಿಡುಕು, ಗಮನ ನಿಲ್ಲುತ್ತಿಲ್ಲ ಅಂದವರಿಗೆ "ರಿಪೋರ್ಟ್ ನಾರ್ಮಲ್ ಇದೆ, ನೀನೇ ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಅನ್ನೋ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಎಷ್ಟೋ ಸಲ ಆ ರಿಪೋರ್ಟಿನಲ್ಲಿ ಇರುವುದು ಹಿಮೋಗ್ಲೋಬಿನ್ ಒಂದೇ.

ನನ್ನ ತಂಗಿಗೂ ಹೀಗೇ ಹೇಳಿದ್ದರು. ಓದಿದ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಸಣ್ಣದಕ್ಕೂ ಸಿಡುಕು, ಆಮೇಲೆ ಅಳು. ಹಿಮೋಗ್ಲೋಬಿನ್ 12.4 ಇತ್ತು. ಕೊನೆಗೆ ಇನ್ನೊಬ್ಬ ಡಾಕ್ಟರು ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. 9 ಬಂತು! ದೊಡ್ಡವರಲ್ಲಿ 15ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಫೆರಿಟಿನ್ ಅಂದರೆ ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ. ಕೂಡಿಟ್ಟ ದುಡ್ಡೆಲ್ಲ ಕರಗಿದರೂ ದಿನದ ಖರ್ಚಿಗೆ ಜೇಬಿನಲ್ಲಿ ಕಾಸಿರುತ್ತದೆ, ಅಲ್ವಾ? ಹಿಮೋಗ್ಲೋಬಿನ್ ಇಳಿಯುವುದೂ ಹಾಗೇ ಕೊನೆಗೆ. ಮಿದುಳಿಗೆ ಕಬ್ಬಿಣ ಬೇಕೇ ಬೇಕು. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ತಯಾರಾಗುತ್ತದೆ. ಆ ಕೆಲಸದ ಮೊದಲ ಹಂತದ ಕಿಣ್ವ ಕಬ್ಬಿಣ ಇಲ್ಲದೆ ನಡೆಯುವುದಿಲ್ಲ. ಗಮನಕ್ಕೂ ಹುರುಪಿಗೂ ಡೋಪಮೈನ್ ಬೇಕು.

ಹಾಗಂತ ಕಬ್ಬಿಣದ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಜಾಸ್ತಿಯಾದರೂ ತೊಂದರೆಯೇ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಏರುತ್ತದೆ, ಕೊರತೆ ಇದ್ದರೂ ಮುಚ್ಚಿಹೋಗುತ್ತದೆ.

ಕಬ್ಬಿಣ ಒಂದೇ ಅಲ್ಲ, ವಿಟಮಿನ್ ಬಿ12 ಕಡಿಮೆಯಾದರೂ ಮರೆವು, ಮಂಕು, ಕಿರಿಕಿರಿ ಬರಬಹುದು. ಸಕ್ಕರೆ ಕಾಯಿಲೆಗೆ ಬಹಳ ಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇದು ಇಳಿಯಬಹುದು. ಥೈರಾಯ್ಡ್ ನಿಧಾನವಾದರೆ ಥೇಟ್ ಖಿನ್ನತೆಯ ಹಾಗೇ ಕಾಣಬಹುದು. ಇಲ್ಲಿ ಒಂದು ವಿಷಯ ದಯವಿಟ್ಟು ನೆನಪಿಡಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ. ಥೈರಾಯ್ಡ್ ನಿಧಾನವಾದಾಗ ಸಾಮಾನ್ಯವಾಗಿ ಟಿಎಸ್‌ಎಚ್ ಎಂಬ ಹಾರ್ಮೋನು ಏರುತ್ತದೆ. ಬಯೋಟಿನ್ ಇದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಿಧಾನವಾದ ಥೈರಾಯ್ಡ್ ಕೂಡ ನಾರ್ಮಲ್ ಅಂತ ಕಂಡುಬಿಡಬಹುದು.

ಮಕ್ಕಳ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ವಿಷಯದಲ್ಲಿ ತಾಯಂದಿರು ತಿನ್ನುವ ಬೈಗುಳ ನೋಡಿದರೆ ಸಿಟ್ಟು ಬರುತ್ತದೆ. ಸಿಹಿ ಕೊಟ್ಟಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುವುದಿಲ್ಲ ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನ 1995ರಲ್ಲೇ ಬಂದಿದೆ. ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲೇ ದೊಡ್ಡದು, ಸುಮಾರು ಶೇಕಡ 70ರಿಂದ 80. ಒಮೆಗಾ 3ರಿಂದ ಸಿಕ್ಕರೂ ಚೂರು ಲಾಭ. ಅದನ್ನು ನಂಬಿ ಡಾಕ್ಟರು ಕೊಟ್ಟ ಔಷಧಿ ನಿಲ್ಲಿಸಬಾರದು.

ತಂಗಿಯ ಫೆರಿಟಿನ್ ಈಗ 38. ಪುಸ್ತಕ ಹಿಡಿದರೆ ಓದು ಸಾಗುತ್ತದೆ. ಮಂಕು ಮಾತ್ರ ಪೂರ್ತಿ ಹೋಗಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇವೆ. ಮಾತ್ರೆಯ ಜೊತೆಗೆ ಆಪ್ತಸಮಾಲೋಚಕಿಯ ಹತ್ತಿರವೂ ಹೋಗುತ್ತಿದ್ದಾಳೆ.