ತೆಂಗಿನ ಎಲೆ ಸುತ್ತಿಕೊಂಡ ಕೆಂಗಣ್ಣ

ಮದ್ದೂರು ಕಡೆ ತೆಂಗಿನ ತೋಟ ಇಟ್ಟವರಿಗೆ ಗರಿ ಮೇಲೆ ಬಿಳಿ ಕಂಡರೆ ಸಾಕು, ಎದೆ ಧಸಕ್ ಅನ್ನುತ್ತದೆ. 2016ರಲ್ಲಿ ಪೊಳ್ಳಾಚಿ ಹತ್ತಿರ ಕಾಣಿಸಿಕೊಂಡ ಸುರುಳಿ ಬಿಳಿ ನೊಣ ಆಮೇಲೆ ನಮ್ಮ ಕಡೆಗೂ ಬಂತು. ಅದರ ಕಾಟ ಇನ್ನೂ ಯಾರೂ ಮರೆತಿಲ್ಲ. ಹಾಗಾಗಿ ದೀಪಾವಳಿ ರಜೆಗೆ ಊರಿಗೆ ಹೋದ ನನ್ನನ್ನು ದೊಡ್ಡಪ್ಪ ಕಾಫಿ ಕುಡಿಯೋಕೂ ಬಿಡದೆ ತೋಟಕ್ಕೆ ಕರೆದುಕೊಂಡು ಹೋದರು.

"ನೋಡವ್ವ, ಇದ್ಯಾವ ಹೊಸ ರೋಗ. ಔಷ್ದಿ ಹೊಡೆಸ್ಬುಡ್ಲಾ?"

ಗಿಡ್ಡ ತಳಿಯ ಎಳೆ ಮರ. ಗರಿ ಕೈಗೇ ಸಿಗುತ್ತಿತ್ತು. ಒಂದು ಎಲೆ ಉದ್ದಕ್ಕೂ ಸುತ್ತಿಕೊಂಡು ಕೊಳವೆ ಆಗಿತ್ತು. ಅದರ ಬಾಯಲ್ಲಿ ಬಿಳಿ ಪುಡಿ. ಪಕ್ಕದ ಎಲೆಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಬಿಳಿ ನೊಣ ರಸ ಹೀರುತ್ತದೆ ಅಷ್ಟೆ, ಎಲೆ ಕಡಿಯೋದಿಲ್ಲ, ಸುತ್ತೋದೂ ಇಲ್ಲ. ಕಪ್ಪುತಲೆ ಹುಳುವಾದರೆ ಗರಿ ಅಡಿಯಲ್ಲಿ ಹಿಕ್ಕೆ, ನೂಲು ಸೇರಿಸಿ ಗೂಡು ಕಟ್ಟಿ, ಹಸಿರು ಕೆರೆದು ತಿನ್ನುತ್ತದೆ. ಇದು ಅದೂ ಅಲ್ಲ.

ಮೆಲ್ಲಗೆ ಕೊಳವೆ ಬಿಡಿಸಿದೆ. ಒಳಗೆ ಬೆರಳುದ್ದದ ಹುಳು, ಮೈ ತುಂಬ ತುರಿದ ಕೊಬ್ಬರಿ ಮೆತ್ತಿದ ಹಾಗೆ ಬಿಳಿ ಮೇಣದ ಎಳೆಗಳು. ಮುಟ್ಟಿದರೆ ಎಳೆ ಕಳಚಿ ಬೆರಳಿಗೆ ಅಂಟುತ್ತದೆ, ಅಡಿಯಲ್ಲಿ ಕೆಂಪಗಿನ ಮೈ. ಜೈಂಟ್ ರೆಡ್‌ಐ ಅನ್ನುವ ಸ್ಕಿಪ್ಪರ್ ಚಿಟ್ಟೆಯ ಮರಿ. ಚಿತ್ರದಲ್ಲಿ ಬಿಟ್ಟರೆ ನಾನು ಎಂದೂ ನೋಡಿರಲಿಲ್ಲ. ಔಷಧಿ ಬೇಡ ದೊಡ್ಡಪ್ಪ ಅಂದು, ಎಲೆ ಸಮೇತ ಒಂದನ್ನು ಮೈಸೂರಿಗೆ ತಂದೆ. ಬಸ್ಸಿನಲ್ಲಿ ಪಕ್ಕದವರು ಡಬ್ಬಿ ಕಡೆ ನೋಡಿದ ರೀತಿ ಬೇರೆಯೇ ಕಥೆ.

ಅದು ಕೊಳವೆಯೊಳಗೇ ಕೋಶವಾಯಿತು. ಕೋಶದಲ್ಲಿ ನನಗೆ ಅಚ್ಚರಿ ಎನಿಸಿದ್ದು ಹೀರುಗೊಳವೆಯ ಉದ್ದ. ಮೈಯ ತುದಿಯನ್ನೂ ದಾಟಿ ಚಾಚಿಕೊಂಡಿತ್ತು. ಉದ್ದನೆಯ ಹೂವಿನ ತಳದಲ್ಲಿರುವ ಮಕರಂದ ಮುಟ್ಟಬೇಕಾದರೆ ಅಷ್ಟು ಬೇಕು ತಾನೆ?

ಆಮೇಲೊಂದು ದಿನ ಚಿಟ್ಟೆ ಹೊರಗೆ ಬಂದಿತ್ತು. ಸ್ಕಿಪ್ಪರ್ ಅಂದರೆ ಸಾಮಾನ್ಯವಾಗಿ ಹುಲ್ಲಿನಲ್ಲಿ ಪುಟಪುಟ ಹಾರುವ ಪುಟ್ಟ ಕಂದು ಚಿಟ್ಟೆಗಳು. ಇದು ಹಾಗಲ್ಲ. ರೆಕ್ಕೆ ಬಿಚ್ಚಿದರೆ 7 ಸೆಂಟಿಮೀಟರ್‌ಗೂ ಜಾಸ್ತಿ. ನಮ್ಮ ದೇಶದ ಅತಿ ದೊಡ್ಡ ಸ್ಕಿಪ್ಪರ್‌ಗಳಲ್ಲಿ ಒಂದು. ಗಾಢ ಚಾಕೊಲೇಟ್ ಬಣ್ಣ, ಮುಂದಿನ ರೆಕ್ಕೆಯಲ್ಲಿ ದೊಡ್ಡ ಹಳದಿ ಮಚ್ಚೆಗಳು. ಬಲ್ಬಿಗೆ ಎದುರಾಗಿ ಹಿಡಿದರೆ ಮಚ್ಚೆಯಿಂದ ಬೆಳಕು ಹಾಯುತ್ತದೆ. ಕಣ್ಣು ಮಾತ್ರ ಕೆಂಪೋ ಕೆಂಪು. ಹಗಲೆಲ್ಲ ನೆರಳಿನಲ್ಲಿ ಸುಮ್ನೆ ಕೂರುವ, ಮಬ್ಬುಗತ್ತಲಲ್ಲಿ ಹಾರುವ ಎಷ್ಟೋ ಸ್ಕಿಪ್ಪರ್‌ಗಳಿಗೆ ಇಂಥ ಕೆಂಪು ಕಣ್ಣಿರುತ್ತದೆ. ತೋಟದಲ್ಲೇ ಬದುಕಿದರೂ ದೊಡ್ಡಪ್ಪನ ಕಣ್ಣಿಗೆ ಬೀಳದೇ ಇದ್ದದ್ದು ಅದಕ್ಕೇ ಇರಬೇಕು.

ಡೆನ್ಮಾರ್ಕಿನ ಕೀಟ ವಿಜ್ಞಾನಿ ಫ್ಯಾಬ್ರಿಸಿಯಸ್ 1775ರಲ್ಲೇ ಇದನ್ನು ವರ್ಣಿಸಿದ್ದ. ಈಗಿನ ವೈಜ್ಞಾನಿಕ ಹೆಸರು ಗಂಗಾರ ಥಿರ್ಸಿಸ್. ಶ್ರೀಲಂಕಾ, ದಕ್ಷಿಣ ಭಾರತ, ಈಶಾನ್ಯ ಭಾರತದಿಂದ ಹಿಡಿದು ಮ್ಯಾನ್ಮಾರ್, ಮಲೇಷ್ಯಾ, ಫಿಲಿಪ್ಪೀನ್ಸ್‌ವರೆಗೂ ಇದೆ. ಕಾಡಿನಲ್ಲಿ ಬಗನಿ, ಬೆತ್ತ ತಿಂದುಕೊಂಡಿರುತ್ತದೆ. ನಮ್ಮ ಬಯಲುಸೀಮೆಗೆ ತೆಂಗೇ ಇದನ್ನು ಎಳೆದುಕೊಂಡು ಬಂದಿರಬೇಕು ಅಂತ ನನ್ನ ಅನಿಸಿಕೆ.

ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದ್ಯಾವ ಚಿಟ್ಟೆನವ್ವ? ದೀಪಕ್ಕೆ ಬರೋ ಹುಳ ಕಣವ್ವ ಇದು."

"ಅಲ್ಲ ದೊಡ್ಡಪ್ಪ, ಮೀಸೆ ತುದಿ ನೋಡಿ. ದಪ್ಪಗಾಗಿ ಕೊಕ್ಕೆ ತರ ಬಾಗಿದೆ. ಸ್ಕಿಪ್ಪರ್ ಚಿಟ್ಟೆಗಳ ಗುರುತೇ ಅದು. ಆದರೆ ಒಮ್ಮೊಮ್ಮೆ ದೀಪಕ್ಕೂ ಬರುತ್ತೆ, ಅದು ನಿಜ."

"ಎಳನೀರು ಕಾಯಿ ಮುಟ್ಟತ್ತಾ?"

"ಇಲ್ಲ. ಬರೀ ಎಲೆ. ಅದೂ ಹುಳು ಜಾಸ್ತಿ ಆದ್ರೆ ಮಾತ್ರ ತೊಂದ್ರೆ."

"ಅಂಗಾರೆ ನಾಕು ಎಲೆ ತಿನ್ಕಳ್ಳಿ ಬುಡು. ಔಷ್ದಿ ದುಡ್ಡು ಉಳೀತು."