ಇಟ್ಟಿಗೆಯಂಥ ಪುಸ್ತಕ

ನಮ್ಮ ಶಾಲೆಯ ಲೈಬ್ರರಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನಿಗೆ ತರಾಸು ಅವರ ಐತಿಹಾಸಿಕ ಕಾದಂಬರಿ, ಚಿತ್ರದುರ್ಗ ಸೋತ ಕಥೆ ಹೇಳುವ ‘ದುರ್ಗಾಸ್ತಮಾನ’ ಕೊಟ್ಟೆ. ಕೈಯಲ್ಲಿ ತೂಗಿ ನೋಡಿ, ‘ಮಿಸ್, ಇದು ಇಟ್ಟಿಗೆ’ ಅಂದ. ತಪ್ಪು ನನ್ನದೇ. ಮೊದಲ ಸಲಕ್ಕೆ ಅಷ್ಟು ದಪ್ಪದ್ದು ಕೊಡಬಾರದಿತ್ತು.

ಈಗ ಲೋಯಿಸ್ ಲೌರಿ ಅವರ ‘ನಂಬರ್ ದ ಸ್ಟಾರ್ಸ್’ನಿಂದ ಶುರು ಮಾಡಿಸುತ್ತೇನೆ. 1943ರ ಡೆನ್ಮಾರ್ಕ್. ಯಹೂದಿ ಗೆಳತಿಯನ್ನು ನಾಜಿಗಳಿಂದ ಉಳಿಸಲು ಹತ್ತು ವರ್ಷದ ಹುಡುಗಿಯ ಮನೆಯವರು ಒದ್ದಾಡುವ ಕಥೆ. ಪುಟ್ಟ ಪುಸ್ತಕ, ಇಂಗ್ಲಿಷೂ ಸುಲಭ. ಹದಿಮೂರು ದಾಟಿದವರು ‘ಇದು ಚಿಕ್ಕ ಮಕ್ಕಳದ್ದು’ ಅಂತ ಮೂಗು ಮುರಿಯುತ್ತಾರೆ, ಆದರೆ ಮುಗಿಸಿಯೇ ತರುತ್ತಾರೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹತ್ತನೇ ಕ್ಲಾಸಿನವರಿಗೆ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾದ ಕಾಲ. ಕ್ರೌರ್ಯ ಇದೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ಈ ಕಾದಂಬರಿ ಜಾಸ್ತಿ ಇಷ್ಟ, ಯಾಕೆಂದರೆ ರಾಜನೇ ಕೆಟ್ಟವನು. ‘ಹಾಗಾದ್ರೆ ನಾವು ಯಾರ ಕಡೆ ಮಿಸ್?’ ಅಂತ ಒಬ್ಬಳು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸುಮ್ನೆ ಇನ್ನೊಂದು ವಾರಕ್ಕೆ ಪುಸ್ತಕ ಅವಳ ಹೆಸರಲ್ಲೇ ಬರೆದುಕೊಂಡೆ.

ಒಂದು ಮಾತು ಮಾತ್ರ ಹೇಳಲೇಬಾರದು: ‘ಇದು ಓದಿದರೆ ಪರೀಕ್ಷೆಗೆ ಉಪಯೋಗ.’ ಅಲ್ಲಿಗೆ ಮುಗೀತು!

ಇಟ್ಟಿಗೆ ಹುಡುಗ ಮೊನ್ನೆ ಬಂದಿದ್ದ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದದ್ದು ಅವನಿಗೆ ಗೊತ್ತು. ‘ಕೊನೆ ಗೊತ್ತಿದ್ರೂ ಓದಬಹುದಾ?’ ಅಂದ. ಇಟ್ಟಿಗೆ ಈಗ ಅವನ ಬ್ಯಾಗಿನಲ್ಲಿದೆ.